ಟಕ್ ಎಂದದ್ದು ಬೀಜವಲ್ಲ

ಈ ಸಲದ ಕಾಫಿ ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ನಮ್ಮ ಕಣದಲ್ಲಿ ನಿಂತು ನಾನು ಒಂದು ಕಾಫಿ ಬೀಜ ಕಚ್ಚಿದೆ. ಟಕ್ ಎಂದು ಸದ್ದಾಯಿತು. ಎಂಥ ಸದ್ದು ಅಂತೀರಿ! ಕಣದ ಆ ತುದಿಯಲ್ಲಿ ಇದ್ದವರೂ ತಿರುಗಿ ನೋಡಿದರು.

"ಒಣಗಿದೆ. ತುಂಬಿ ಚೀಲಕ್ಕೆ" ಎಂದೆ.

ತುಂಬಿದರು. ಬಾಯಿ ಹೊಲಿದರು. ಸ್ಟೋರಿನಲ್ಲಿ ಅಟ್ಟಿ ಹಾಕಿದರು. ನಾನು ಕೈಕಾಲು ತೊಳೆದು, ದೊಡ್ಡ ಲೋಟದಲ್ಲಿ ಕಾಫಿ ಹಿಡಿದು, ಕೆಲಸ ಮುಗಿಸಿದ ಯಜಮಾನನ ಗತ್ತಿನಲ್ಲಿ ಜಗಲಿಯ ಮೇಲೆ ಕುಳಿತೆ. ಮೊದಲ ಗುಟುಕಿಗೇ ಬಲಗಡೆಯ ಕೆಳದವಡೆ ಚುಳ್ ಎಂದಿತು. ನಾಲಿಗೆ ಅಲ್ಲಿಗೆ ಓಡಿತು. (ಇಂಥ ಸುದ್ದಿಗೆ ನಾಲಿಗೆಗಿಂತ ಬೇಗ ಓಡುವವರು ಯಾರಿದ್ದಾರೆ?) ಅಲ್ಲೊಂದು ಗುಂಡಿ ಇತ್ತು. ಹಿಂದಿನ ವಾರವಷ್ಟೇ ಮಡಿಕೇರಿಗೆ ಹೋಗಿ ತುಂಬಿಸಿಕೊಂಡು ಬಂದ ಹಲ್ಲು ಅದು. ತುಂಬಿಸಿದ್ದು ಕಾಣೆಯಾಗಿತ್ತು.

ಲೋಟ ಕೆಳಗಿಟ್ಟು ಯೋಚಿಸಿದೆ. ಟಕ್ ಎಂದದ್ದು ಬೀಜವಲ್ಲ, ನನ್ನ ಫಿಲ್ಲಿಂಗ್! ಹಾಗಾದರೆ ಬೀಜ ಏನಂದಿತ್ತು? ಅದು ನನಗೆ ಗೊತ್ತಿಲ್ಲ. ಕಾಫಿ ಒಣಗಿದೆಯೆಂದು ತೀರ್ಪು ಕೊಟ್ಟದ್ದು ಕಾಫಿಯ ಸದ್ದು ಕೇಳಿ ಅಲ್ಲ, ಫಿಲ್ಲಿಂಗ್ ಕಿತ್ತು ಬಂದ ಸದ್ದು ಕೇಳಿ.

ಕಾಫಿ ಕುಡಿದಷ್ಟೇ ಗೊತ್ತಿರುವ ಓದುಗರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ಕೊಯ್ದ ಕಾಫಿ ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸುತ್ತೇವೆ. ಸಾಕಷ್ಟು ಒಣಗಿತೋ ಇಲ್ಲವೋ ಎಂದು ಹೇಗೆ ತಿಳಿಯಬೇಕು? ಮೊದಲು ಒಂದು ಮುಷ್ಟಿ ಹಿಡಿದು ಕಿವಿಯ ಹತ್ತಿರ ಕುಲುಕಬೇಕು. ಗಲಗಲ ಎಂದರೆ ಸಿಪ್ಪೆ ಬಿಡಿಸಿ ಒಳಗಿನ ಬೀಜವನ್ನು ದವಡೆ ಹಲ್ಲಿನಲ್ಲಿಟ್ಟು ಕಚ್ಚಬೇಕು. ಹಸಿ ಇದ್ದರೆ ಹಲ್ಲು ಒಳಗೆ ಇಳಿದು ಗುರುತು ಬೀಳುತ್ತದೆ. ಒಣಗಿದ್ದರೆ ಟಕ್ ಎಂದು ಎರಡು ಹೋಳಾಗುತ್ತದೆ. ಅಷ್ಟೇ ವಿದ್ಯೆ.

ಅಷ್ಟೇ ಎಂದೆನಾದರೂ ನಮ್ಮ ಮನೆಯಲ್ಲಿ ಅದು ಸಣ್ಣ ವಿದ್ಯೆಯಲ್ಲ. ಅರಕಲಗೂಡು ಕಡೆಯಿಂದ ಬಂದು ಸುಂಟಿಕೊಪ್ಪದ ಹತ್ತಿರ ತೋಟ ಮಾಡಿದ ನಮ್ಮಜ್ಜ ಕಚ್ಚುತ್ತಿದ್ದರು. ಆಮೇಲೆ ಅಪ್ಪ ಕಚ್ಚಿದರು. ಈಗ ನಾನು. ನಮ್ಮ ಸುತ್ತಲಿನ ಕೊಡವರ ಮನೆಗಳಲ್ಲಿ ಅಜ್ಜನ ಕೋವಿ ಮೊಮ್ಮಗನಿಗೆ ಬರುತ್ತದೆ. ನಮ್ಮಲ್ಲಿ ಬಂದದ್ದು ಹಲ್ಲು. (ಆಯುಧಪೂಜೆಗೆ ಅದನ್ನು ಇಟ್ಟು ಪೂಜಿಸಿಲ್ಲ, ಸದ್ಯ.)

ಇದರ ಬೆಲೆ ಚೆನ್ನಾಗಿ ಗೊತ್ತಿರುವವರು ನಮ್ಮ ಕಾಫಿ ಕೊಳ್ಳುವ ಮೊಯ್ದು ಕಾಕ. ಅಪ್ಪನ ಕಾಲದಿಂದ ನಮ್ಮ ಮನೆಗೆ ಬರುವವರು. ಅವರ ಹತ್ತಿರ ತೇವ ಅಳೆಯುವ ಮಿಷನ್ ಇದೆ. ಆದರೂ ಅದನ್ನು ಅವರು ನಂಬುವುದು ಅರ್ಧ ಮಾತ್ರ. ತಾವೇ ಕಚ್ಚೋಣವೆಂದರೆ ಬಾಯಲ್ಲಿರುವುದು ಮೇಲೂ ಕೆಳಗೂ ಕಟ್ಟಿಸಿಕೊಂಡ ಹಲ್ಲುಸೆಟ್ಟು. ಹಾಗಾಗಿ ಬಂದವರೇ ಕೇಳುವುದು ಒಂದೇ ಮಾತು. "ಸಾರ್ ಕಚ್ಚಿದ್ರಾ?" ಕಚ್ಚಿದ್ದೇನೆ ಎಂದರೆ, "ಹಂಗಾರೆ ಶರಿ. ಲೋಡ್ ಮಾಡುವಾ." ಚೀಲ ಬಿಚ್ಚಿಯೂ ನೋಡುವುದಿಲ್ಲ.

ಊರಿನಲ್ಲಿ ನನ್ನ ಮಾತಿಗೆ ಬೆಲೆ ಇರುವ ವಿಷಯ ಇದೊಂದೇ. ನಾಲ್ಕೆಕರೆ ತೋಟವನ್ನು ಎಸ್ಟೇಟ್ ಎಂದು ಕರೆಯಲು ನನಗೆ ಆಸೆ; ಹಾಗಂದಾಗಲೆಲ್ಲ ಹೆಂಡತಿ ನಗುತ್ತಾಳೆ. ಈ ಅಂಕಣವನ್ನು ಪಂಚಾಯಿತಿಯವರು ಓದುವುದಿಲ್ಲ. ಓದಿದವರೂ ಓದಿಲ್ಲವೆಂದೇ ಹೇಳುತ್ತಾರೆ. ಆದರೆ ನಾನು ಕಚ್ಚಿ ಹೇಳಿದ ಕಾಫಿಯನ್ನು ಯಾರೂ ತಿರುಗಿಸಿ ಕಳಿಸಿದ್ದಿಲ್ಲ. ಆ ಮರ್ಯಾದೆ ಈಗ ಹಸಿಯೋ ಒಣಗಿದ್ದೋ ಗೊತ್ತಿಲ್ಲದ ಕಾಫಿಯ ಜೊತೆ ಚೀಲದೊಳಗೆ ಕೂತಿತ್ತು. ಮೊಯ್ದು ಕಾಕ ಸೋಮವಾರ ಬರುವವರಿದ್ದರು.

ಹಲ್ಲಿನ ಕಥೆಯನ್ನು ಮೊದಲಿನಿಂದ ಹೇಳಿಬಿಡುತ್ತೇನೆ.

ನೋವು ಶುರುವಾದದ್ದು ಕೊಯ್ಲಿನ ಆರಂಭದಲ್ಲಿ. ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಬಿಸಿನೀರು ಕುಡಿದೆ. ಅದಕ್ಕೂ ಜುಮ್ಮೆಂದಿತು. ಎಲ್ಲವನ್ನೂ ಉಗುರುಬೆಚ್ಚಗೆ ಮಾಡಿಕೊಂಡು ಎಡಗಡೆಯಿಂದ ಕುಡಿಯತೊಡಗಿದೆ. ಲವಂಗ ಇಟ್ಟೆ. ಕೊನೆಗೆ ಶಾರದೆ, ಅಂದರೆ ನನ್ನ ಹೆಂಡತಿ, ಇಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರ್, ಶಾಲೆಯ ದನಿಯಲ್ಲೇ ಹೇಳಿದಳು: "ಏನ್ರೀ, ಒಂದೋ ಡಾಕ್ಟ್ರ ಹತ್ರ ಹೋಗಿ, ಇಲ್ಲಾ ನರಳೋದು ನಿಲ್ಸಿ. ಎರಡ್ರಲ್ಲಿ ಒಂದು ಮಾಡಿ."

ಶನಿವಾರ ಮಡಿಕೇರಿಗೆ ಹೊರಟೆ. ಬೆಟ್ಟ ನೋಡಲು ಬಂದವರ ಕಾರುಗಳ ಹಿಂದೆ ನಮ್ಮ ಬಸ್ಸು ತೆವಳಿಕೊಂಡು ಹತ್ತಿತು. ಕಾರಿನಿಂದ ಇಳಿದು ರಸ್ತೆ ನಡುವೆ ಸೆಲ್ಫಿ ತೆಗೆದುಕೊಳ್ಳುವವರನ್ನು ನೋಡುತ್ತಾ ಇನ್ನೊಮ್ಮೆ ಈ ದಾರಿಯಲ್ಲಿ ಬರಲಾರೆ ಎಂದು ಆಗಲೇ ತೀರ್ಮಾನಿಸಿದ್ದೆ. ಮುಂದಿನ ಅನಾಹುತಕ್ಕೆಲ್ಲ ಪ್ರವಾಸಿಗರೇ ಕಾರಣ ಎಂದು ಹೇಳಬಹುದು. ಇಲ್ಲಿ ನಾವು ಹೇಗೂ ಎಲ್ಲವನ್ನೂ ಅವರ ತಲೆಗೇ ಕಟ್ಟುತ್ತೇವಲ್ಲ!

ದಂತವೈದ್ಯೆ ಡಾಕ್ಟರ್ ದೇಚಮ್ಮ ಚಿಕ್ಕ ಹುಡುಗಿ. ಬಾಯಿಗೆ ಲೈಟು ಬಿಟ್ಟು ನೋಡಿದರು, ಎಕ್ಸ್‌ರೇ ತೆಗೆದರು.

"ಅಂಕಲ್, ಹುಳುಕು ತುಂಬಾ ಆಳಕ್ಕೆ ಹೋಗಿದೆ. ನರಕ್ಕೆ ಇನ್ನು ಕೂದಲೆಳೆಯಷ್ಟೇ ಬಾಕಿ. ರೂಟ್ ಕೆನಾಲ್ ತಪ್ಪಿಸೋಕೆ ಒಂದು ಪ್ರಯತ್ನ ಮಾಡ್ಬಹುದು."

ರೂಟ್ ಕೆನಾಲ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಯಾವ ಪ್ರಯತ್ನಕ್ಕೂ ಸಿದ್ಧನಾದೆ. ಅವರು ವಿವರಿಸಿದರು. ಹಲ್ಲಿನ ಹೊರಗಿನ ಬಿಳಿ ಪದರ ಎನಾಮೆಲ್. ಅದರ ಕೆಳಗೆ ಹಳದಿ ಬಣ್ಣದ್ದು ಡೆಂಟಿನ್. ಅದರೊಳಗೆ ನರ. ನನ್ನ ಹಲ್ಲಿನಲ್ಲಿ ಡೆಂಟಿನ್ ಬಹುಪಾಲು ಹುಳುಕಾಗಿ ಹೋಗಿದೆ. ಅಲ್ಲಿಗೆ ಅದರ ಬದಲಿಗೆ ಒಂದು ಬಗೆಯ ಸಿಮೆಂಟು ಹಾಕುತ್ತಾರೆ. ಅದು ನರದ ಪಕ್ಕದಲ್ಲಿ ತಣ್ಣಗೆ ಕೂರುತ್ತದೆ, ಉರಿಸುವುದಿಲ್ಲ, ಒಳಗಿನ ಗಾಯ ಮಾಯಲು ಸಹಾಯ ಮಾಡುತ್ತದೆ. ಆದರೆ ಜೀವನಪೂರ್ತಿ ಅಗಿಯುವ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಅದರ ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ಎಂಬ ಇನ್ನೊಂದು ವಸ್ತುವಿನ ಮುಚ್ಚಳ. ಅಂದರೆ ಕೆಳಗೆ ಒಬ್ಬ ಬದಲಿ, ಮೇಲೆ ಇನ್ನೊಬ್ಬ ಬದಲಿ. ಯಾವುದೋ ಸರ್ಕಾರಿ ಕಚೇರಿಯ ಹಾಗೆ.

"ಕಾಂಪೊಸಿಟ್ ಹಲ್ಲಿಗೆ ಚೆನ್ನಾಗಿ ಅಂಟುತ್ತೆ ಅಂಕಲ್. ಆದ್ರೆ ಈ ಸಿಮೆಂಟಿಗೆ ಅಂಟೋದು ಅಷ್ಟಕ್ಕಷ್ಟೆ. ಅದು ಪೂರ್ತಿ ಗಟ್ಟಿಯಾದ್ಮೇಲೆ ಹಾಕಿದ್ರೆ ಒಳ್ಳೇದು. ಇವತ್ತು ಸಿಮೆಂಟನ್ನೇ ಮೇಲಿನವರೆಗೂ ತುಂಬಿ ಕಳಿಸ್ತೀನಿ. ಎರಡು ವಾರ ಬಿಟ್ಟು ಬನ್ನಿ. ಮೇಲಿಂದ ಸ್ವಲ್ಪ ಕೆರೆದು ತೆಗೆದು ಕಾಂಪೊಸಿಟ್ ಹಾಕ್ತೀನಿ."

"ಎರಡು ವಾರವಾ? ಕೊಯ್ಲು ನಡೀತಾ ಇದೆ ಡಾಕ್ಟ್ರೇ. ಮತ್ತೆ ಬರೋಕಾಗಲ್ಲ. ಇವತ್ತೇ ಎರಡೂ ಹಾಕ್ಬಿಡಿ."

"ಹಾಕ್ಬಹುದು. ಅದೇ ದಿನ ಹಾಕುವವರೂ ಇದ್ದಾರೆ. ಸೆಟ್ ಆಗೋಕೆ ಸ್ವಲ್ಪ ಹೊತ್ತು ಸಾಕು. ಆದ್ರೆ ಸೆಟ್ ಆಗೋದು ಬೇರೆ, ಬಲ ಬರೋದು ಬೇರೆ."

"ಸೆಟ್ ಆಗುತ್ತಲ್ಲ, ಸಾಕು" ಎಂದೆ. ಬಾಯಿ ಅವರ ಕೈಯಲ್ಲಿದ್ದರೂ ಮಾತು ನನ್ನದೇ ನಡೆಯಿತು. ಸಿಮೆಂಟ್ ಹಾಕಿ ಕಾದರು. ಏನೋ ಅಂಟು ಸವರಿದರು. ಕಾಂಪೊಸಿಟ್ ಹಾಕಿ ನೀಲಿ ಲೈಟು ಹಿಡಿದರು. ಕಳಿಸುವಾಗ ಬೆರಳು ಎತ್ತಿ ಹೇಳಿದರು. "ಬಲಗಡೆ ಗಟ್ಟಿ ಪದಾರ್ಥ ಏನೂ ಕಚ್ಬೇಡಿ ಅಂಕಲ್. ಚಕ್ಕುಲಿ, ಹುರಿಗಡಲೆ, ಮೂಳೆ ಯಾವುದೂ ಬೇಡ."

ಕಾಫಿ ಬೀಜ ಎನ್ನಲಿಲ್ಲ ನೋಡಿ. ವೈದ್ಯರಾದವರು ಇಂಥದ್ದನ್ನೆಲ್ಲ ಬಿಡಿಸಿ ಹೇಳಬೇಕಲ್ಲವೆ?

ಅದಾದ ಮೇಲೆ ಒಂದು ವಾರ ನಾನು ಬಹಳ ಶಿಸ್ತಿನಿಂದ ಇದ್ದೆ. ಚಕ್ಕುಲಿಯ ಡಬ್ಬದ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಮಧ್ಯಾಹ್ನ ಆಕಾಶ ಕಪ್ಪಾಯಿತು. ಕೊಯ್ಲಿನ ಹೊತ್ತಿನಲ್ಲಿ ಮೋಡ ಕಂಡರೆ ನಮ್ಮ ಕಡೆ ಎಲ್ಲರಿಗೂ ಮೈಮೇಲೆ ಬಂದಂತಾಗುತ್ತದೆ. ಕಣದ ತುಂಬ ಕಾಫಿ ಹರಡಿದೆ. ಮುಚ್ಚುವುದೋ, ತುಂಬುವುದೋ? ಕೆಲಸದವರು ನನ್ನ ಮುಖ ನೋಡುತ್ತಿದ್ದರು. ನಾನು ಕುಲುಕಿದೆ. ಗಲಗಲ ಎಂದಿತು. ಸಿಪ್ಪೆ ಬಿಡಿಸಿ ಬೀಜವನ್ನು ಬಾಯಿಗೆ ಹಾಕಿದೆ. ಬಲಗಡೆಗೆ.

ಎಡಗಡೆ ಕಚ್ಚಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೀವು ಎಡಗೈಯಲ್ಲಿ ಸಹಿ ಹಾಕುತ್ತೀರಾ?

ಮುಂದಿನದು ನಿಮಗೆ ಗೊತ್ತು. ಟಕ್. ಬೀಜವನ್ನು ನೋಡದೆಯೇ ಉಗಿದೆ. ಅದರ ಜೊತೆ ಫಿಲ್ಲಿಂಗಿನ ಚೂರನ್ನೂ ಉಗಿದಿರಬೇಕು. ಅದು ಕಣದಲ್ಲೇ ಬಿದ್ದು ಕಾಫಿಯ ಜೊತೆ ಚೀಲ ಸೇರಿರಲೂಬಹುದು. ನಮ್ಮ ಕಡೆಯ ರೋಬಸ್ಟಾ ಕಾಫಿ ಇಟಲಿಗೆಲ್ಲ ಹೋಗುತ್ತದಂತೆ. ನನ್ನ ಹಲ್ಲಿನ ತುಂಡೊಂದು ನನಗಿಂತ ಮೊದಲು ಫಾರಿನ್ ನೋಡುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ತಮಾಷೆ ಹೋಗಲಿ. ಜಗಲಿಯಲ್ಲಿ ಕುಳಿತ ನನಗೆ ನಿಜವಾಗಿ ಭಯವಾಯಿತು. ಹಲ್ಲಿನ ಬಗ್ಗೆ ಅಲ್ಲ. ತೇವ ಇರುವ ಕಾಫಿಯನ್ನು ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ, ಮುಗ್ಗುಲು ವಾಸನೆ ಬರುತ್ತದೆ. ಮೊಯ್ದು ಕಾಕ ನೋಡದೆ ಒಯ್ಯುತ್ತಾರೆ. ಆಮೇಲೆ ಅವರ ಗೋಡೌನಿನಲ್ಲಿ ಚೀಲ ಬಿಚ್ಚಿದಾಗ ಏನಾಗುತ್ತದೆ? ಅವರು ಜಗಳ ಮಾಡುವವರಲ್ಲ. ಮುಂದಿನ ವರ್ಷ ಬಂದಾಗ ಸುಮ್ಮನೆ ಚೀಲದ ಬಾಯಿ ಬಿಚ್ಚಿಸಿ ಮಿಷನ್ ಇಡುತ್ತಾರೆ, ಅಷ್ಟೆ. "ಸಾರ್ ಕಚ್ಚಿದ್ರಾ?" ಎಂದು ಕೇಳುವುದಿಲ್ಲ.

ಶಾಲೆಯಿಂದ ಬಂದ ಶಾರದೆಗೆ ಹೇಳಿದೆ. ಹೇಳುವ ಮೊದಲು ಎರಡು ಸಲ ಕೆಮ್ಮಿದೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲೂ ತೇವ ಅಳೆಯುವ ಮಿಷನ್ ಇದೆ. ಹೋದ ವರ್ಷ ಶಾರದೆಯೇ ತರಿಸಿದ್ದು. "ಇದಕ್ಕೆ ಬ್ಯಾಟರಿ ಬೇಕು, ನನ್ನ ಹಲ್ಲಿಗೆ ಬೇಡ" ಎಂದು ಹೇಳಿ ನಾನು ಅದನ್ನು ಬೀರುವಿನ ಮೇಲೆ ಹತ್ತಿಸಿದ್ದೆ. ಅವಳು ಈಗ ನಗುತ್ತಾಳೆ, ನಾಲ್ಕು ಮಾತು ಆಡುತ್ತಾಳೆ ಎಂದು ಕಾದೆ. ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಸ್ಟೂಲ್ ಎಳೆದು ಹತ್ತಿ, ಡಬ್ಬ ಇಳಿಸಿ, ಗೋಡೆ ಗಡಿಯಾರದ ಬ್ಯಾಟರಿ ಕಿತ್ತು ಅದಕ್ಕೆ ಹಾಕಿ, ಸ್ಟೋರಿಗೆ ಹೋಗಿ ಒಂದು ಚೀಲ ಬಿಚ್ಚಿದಳು. ಇರಬೇಕಾದ ತೇವ ನೂರಕ್ಕೆ ಹನ್ನೊಂದು. ಮಿಷನ್ ತೋರಿಸಿದ್ದು ಹದಿನೇಳು.

"ಸುರೀರಿ ಎಲ್ಲಾನೂ ಕಣಕ್ಕೆ" ಎಂದಳು. ಅಷ್ಟೇ.

ಮೊಯ್ದು ಕಾಕನಿಗೆ ಫೋನ್ ಮಾಡಿ ಇನ್ನೂ ಕೆಲವು ದಿನದ ಬಿಸಿಲು ಬೇಕು ಎಂದೆ.

"ಅಲ್ಲ ಸಾರ್, ಕಚ್ಚಿ ಆಯ್ತು, ತುಂಬಿ ಆಯ್ತು ಅಂತ ನಿಮ್ಮ ಆಳು ಹೇಳಿದಲ್ಲಾ?"

"ಕಚ್ಚಿದ್ದೇನೆ ಕಾಕಾ. ಅದಕ್ಕೇ ಹೇಳ್ತಿರೋದು."

"ನಿಮ್ಮಂಥ ನಿಯತ್ತಿನವ್ರು ಈಗ ಎಲ್ಲಿ ಸಿಗ್ತಾರೆ ಸಾರ್!" ಎಂದರು. ನಾನು ಅದನ್ನು ನಿರಾಕರಿಸಲಿಲ್ಲ. ಹೊಗಳಿಕೆ ದಾರಿ ತಪ್ಪಿ ಬಂದರೂ ಬಾಗಿಲಿಂದ ಓಡಿಸಬಾರದು.

ಮರುದಿನ ಮತ್ತೆ ಮಡಿಕೇರಿ, ಮತ್ತೆ ಅದೇ ಕುರ್ಚಿ. ಡಾಕ್ಟರ್ ಬಾಯೊಳಗೆ ನೋಡಿದರು. ನೋಡಿ ಬೈಯುವ ಬದಲು ಕುತೂಹಲದಿಂದ ಇನ್ನೊಂದು ಸಲ ನೋಡಿದರು.

"ಅಂಚಿನಲ್ಲಿ ಹಲ್ಲಿಗೆ ಅಂಟಿದ ಕಾಂಪೊಸಿಟ್ ಹಾಗೇ ಇದೆ ಅಂಕಲ್. ಮಧ್ಯದಲ್ಲಿ ಸಿಮೆಂಟಿನ ಮೇಲೆ ಕೂತಿದ್ದು ಮಾತ್ರ ಎದ್ದು ಬಂದಿದೆ. ಕೆಳಗೆ ಸಿಮೆಂಟೂ ಹಾಗೇ ಇದೆ. ನರ ಸೇಫ್." ಆಮೇಲೆ ಕೇಳಿದರು. "ಏನು ಕಚ್ಚಿದ್ರಿ?"

ಹೇಳಿದೆ. ಪಕ್ಕದಲ್ಲಿದ್ದ ನರ್ಸ್ ಬೇರೆ ಕಡೆ ತಿರುಗಿಕೊಂಡರು. ಡಾಕ್ಟರ್ ಮಾತ್ರ ನಗಲಿಲ್ಲ. ಅವರ ಮನೆಯಲ್ಲೂ ತೋಟ ಇದೆ; ತಂದೆಯೂ ಕಚ್ಚುವವರೇ ಇರಬೇಕು.

"ಕಣದಲ್ಲಿ ಕಾಫಿಗೆ ಎಷ್ಟು ದಿವಸ ಕೊಡ್ತೀರಾ ಅಂಕಲ್?"

"ಬಿಸಿಲು ಚೆನ್ನಾಗಿದ್ರೆ ಹತ್ತು ಹನ್ನೆರಡು ದಿನ."

"ಮೇಲೆ ನೋಡೋಕೆ ಅದಕ್ಕಿಂತ ಮೊದ್ಲೇ ಒಣಗಿದ ಹಾಗೆ ಕಾಣಲ್ವಾ?"

"ಕಾಣುತ್ತೆ. ಆದ್ರೆ ಒಳಗೆ..." ಎಂದು ಶುರು ಮಾಡಿ ಬಾಯಿ ಮುಚ್ಚಿದೆ. ಅವರು ತಕ್ಷಣ ಮತ್ತೆ ತೆರೆಸಿದರು. ದಂತವೈದ್ಯರ ಮುಂದೆ ಮಾನ ಉಳಿಸಿಕೊಳ್ಳಲು ಬಾಯಿ ಮುಚ್ಚುವ ಅವಕಾಶವೂ ಇರುವುದಿಲ್ಲ.

ಕೆಲಸದವರಿಗೆ ಪ್ರತಿ ವರ್ಷ ಪಾಠ ಹೇಳುವವನು ನಾನು. ಮೇಲೆ ಕಪ್ಪಾದ ಕೂಡಲೆ ಒಣಗಿತು ಅನ್ನಬೇಡಿ, ಒಳಗಿನ ಬೀಜ ನೋಡಿ, ಅವಸರ ಮಾಡಬೇಡಿ. ಮಡಿಕೇರಿ ರಸ್ತೆಯ ಪ್ಯಾಚ್‌ವರ್ಕ್ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಕೂಗಾಡಿಲ್ಲ? ಕೆಳಗೆ ಜಲ್ಲಿ ಕೂರುವ ಮೊದಲೇ ಮೇಲೆ ಡಾಂಬರು ಬಳಿಯುತ್ತಾರೆ, ಜೂನ್ ತಿಂಗಳ ಮೊದಲ ಮಳೆಗೇ ಕಿತ್ತು ಬರುತ್ತದೆ ಎಂದು. ಆ ಇಂಜಿನಿಯರುಗಳಲ್ಲಿ ಯಾರಾದರೂ ಆ ದಿನ ನನ್ನ ಬಾಯೊಳಗೆ ಇಣುಕಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಗೃಹಪ್ರವೇಶದ ದಿನ ಗೊತ್ತಾಗಿದೆಯೆಂದು ಹಸಿ ಗೋಡೆಗೆ ಪೇಂಟ್ ಹೊಡೆಸುವವರನ್ನೂ ನಾನು ಬಿಟ್ಟಿಲ್ಲ. ನಮ್ಮೆಲ್ಲರಿಗೂ ಮೇಲಿನ ಪದರ ಇವತ್ತೇ ಬೇಕು. ಕೆಳಗಿನದು ಬಲ ಬರುವವರೆಗೆ ಕಾಯುವುದು ಬೇರೆಯವರ ಕೆಲಸ.

ಡಾಕ್ಟರ್ ಗುಂಡಿಗೆ ತಾತ್ಕಾಲಿಕ ಮುಚ್ಚಳ ಹಾಕಿ, ಮುಂದಿನ ವಾರ ಬನ್ನಿ ಎಂದರು. ಈ ಸಲ ನಾನು ಚೌಕಾಸಿ ಮಾಡಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ಎರಡು ಒಣಗುತ್ತಿದ್ದವು. ಕಣದಲ್ಲಿ ಕಾಫಿ, ಬಾಯಲ್ಲಿ ಸಿಮೆಂಟು. ಮೋಡ ಬಂದು ಹೆದರಿಸಿ ಹೋಯಿತು, ಮಳೆ ಬೀಳಲಿಲ್ಲ. ಶಾರದೆ ದಿನಾ ಶಾಲೆಗೆ ಹೋಗುವ ಮೊದಲು ಮಿಷನ್ ಹಿಡಿದು ಕಣಕ್ಕೆ ಹೋಗುತ್ತಿದ್ದಳು. ಹದಿನೈದು. ಹದಿನಾಲ್ಕು. ನಾನು ಅವಳ ಹಿಂದೆ ಕೈಕಟ್ಟಿಕೊಂಡು ನಿಲ್ಲುತ್ತಿದ್ದೆ. ಕಣ ನಮ್ಮದೇ, ಕಾಫಿ ನಮ್ಮದೇ, ಆದರೂ ಯಾರದೋ ಮನೆಗೆ ನೆಂಟನಾಗಿ ಬಂದ ಹಾಗೆ ಅನ್ನಿಸುತ್ತಿತ್ತು. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ಆ ಮಿಷನ್ ಕೆಟ್ಟುಹೋಗಲಿ ಎಂದು ಮನಸ್ಸಿನಲ್ಲೇ ಒಂದೆರಡು ಸಲ ಹಾರೈಸಿದೆ. ಕೆಡಲಿಲ್ಲ. ಒಂದು ಬೆಳಿಗ್ಗೆ ಹನ್ನೊಂದು ತೋರಿಸಿತು. ಮೊಯ್ದು ಕಾಕನಿಗೆ ಅವಳೇ ಫೋನ್ ಮಾಡಿ ಮಧ್ಯಾಹ್ನ ಬರಲು ಹೇಳಿದಳು.

ನನ್ನ ಹಲ್ಲಿಗೆ ಕಾಂಪೊಸಿಟ್ ಹಾಕುವ ದಿನವೂ ಅದೇ ಆಗಿತ್ತು. ಬೆಳಿಗ್ಗೆ ಹೋಗಿ ಹಾಕಿಸಿಕೊಂಡೆ. ಇಂಜೆಕ್ಷನ್ ಬೇಕಾಗಿಲ್ಲ ಎಂದು ಡಾಕ್ಟರ್ ಹೇಳಿದರೂ ನಾನೇ ಕೇಳಿ ಕೊಡಿಸಿಕೊಂಡೆ. (ಧೈರ್ಯದ ವಿಷಯದಲ್ಲಿ ನಾನು ಯಾವತ್ತೂ ದೊಡ್ಡ ಮಾತಾಡಿದವನಲ್ಲ.) ಮಧ್ಯಾಹ್ನ ಬಸ್ಸಿಳಿದು ಮನೆಗೆ ಬರುವಾಗ ಬಲಗೆನ್ನೆ, ತುಟಿ, ಅರ್ಧ ನಾಲಿಗೆ ಎಲ್ಲ ಮರಗಟ್ಟಿದ್ದವು. ಅಂಗಳದಲ್ಲಿ ಪಿಕಪ್ ನಿಂತಿತ್ತು.

ಮೊಯ್ದು ಕಾಕ ಕಣದಲ್ಲಿದ್ದರು. ಶಾರದೆ ಮಿಷನ್ ಇಟ್ಟು ತೋರಿಸಿದ್ದಳು. ಅವರು ತಮ್ಮದನ್ನೂ ಇಟ್ಟು ನೋಡಿದ್ದರು. ಎರಡೂ ಒಂದೇ ಹೇಳಿದ್ದವು. ಆದರೂ ನಾನು ಹತ್ತಿರ ಹೋದೊಡನೆ ಕಾಕ ಒಂದು ಕಾಯಿಯ ಸಿಪ್ಪೆ ಬಿಡಿಸಿ, ಬೀಜವನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ಮಿಷನ್ ಎಲ್ಲ ಶರಿ ಸಾರ್. ನೀವೊಂದು ಕಚ್ಚಿ ಹೇಳಿ, ಲೋಡ್ ಮಾಡುವಾ."

ಎಷ್ಟು ಖುಷಿಯಾಯಿತು ಗೊತ್ತೆ? ಒಂದು ವಾರ ಕಳೆದುಕೊಂಡಿದ್ದ ಜೀವ ವಾಪಸು ಬಂದಂತಾಯಿತು. ಕೈ ಚಾಚಿಯೂಬಿಟ್ಟೆ. ಆಮೇಲೆ ಡಾಕ್ಟರ್ ಎತ್ತಿದ್ದ ಬೆರಳು ಕಣ್ಣಿಗೆ ಕಟ್ಟಿತು. ಎಡಗಡೆ ಕಚ್ಚೋಣವೆಂದರೆ ಅರ್ಧ ಮರಗಟ್ಟಿದ ಬಾಯಲ್ಲಿ ಬೀಜ ಯಾವುದು, ನಾಲಿಗೆ ಯಾವುದು? ಕೆನ್ನೆ ತೋರಿಸಿ ಆಗುವುದಿಲ್ಲ ಎಂದು ಕೈಯಾಡಿಸಿದೆ.

ಕಾಕ ಅಂಗೈಯನ್ನು ಹಾಗೇ ಪಕ್ಕಕ್ಕೆ ತಿರುಗಿಸಿದರು.

"ಟೀಚರೇ, ಹಂಗಾರೆ ನೀವೊಂದು ಕಚ್ಚಿ."

ಶಾರದೆ ಬೀಜ ತೆಗೆದುಕೊಂಡಳು. ಸೆರಗಿನಿಂದ ಒರೆಸಿದಳು. ಬಾಯಿಗೆ ಹಾಕಿ ಕಚ್ಚಿದಳು. ಅವಳು ತಲೆಯನ್ನು ಒಂದಿಷ್ಟು ವಾಲಿಸಿ, ಕಣ್ಣು ಸ್ವಲ್ಪ ಕಿರಿದು ಮಾಡಿ, ಸಾಕಷ್ಟು ಹೊತ್ತು ತೆಗೆದುಕೊಂಡು, "ಆಗಿದೆ ಕಾಕಾ" ಎಂದಳು. ತಲೆ ವಾಲಿಸುವುದು, ಕಣ್ಣು ಕಿರಿದು ಮಾಡುವುದು, ಎಲ್ಲವೂ ನನ್ನದೇ. ಅದನ್ನೆಲ್ಲ ಯಾವಾಗ ಕಲಿತಳೋ!

"ಟೀಚರ್ ಹೇಳಿ ಆಯ್ತಲ್ಲಾ. ಲೋಡ್ ಮಾಡಿ, ಲೋಡ್ ಮಾಡಿ" ಎಂದರು ಕಾಕ. ನನ್ನ ಹಲ್ಲಿಲ್ಲದೆ ನಮ್ಮ ಕಾಫಿಗೆ ಇಷ್ಟು ಸುಲಭವಾಗಿ ಒಪ್ಪಿಗೆ ಸಿಗುತ್ತದೆಯೆಂದು ನನಗೂ ಗೊತ್ತಿರಲಿಲ್ಲ.

ಪಿಕಪ್ ಗೇಟು ದಾಟಿ ಹೋಯಿತು. ಶಾರದೆ ಖಾಲಿ ಕಣ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ, ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ಆಚೀಚೆ ನೋಡಿ, ದನಿ ತಗ್ಗಿಸಿದಳು.

"ಏನ್ರೀ, ನಂಗೆ ಏನೂ ಗೊತ್ತಾಗ್ಲಿಲ್ಲ. ಗಟ್ಟಿ ಇತ್ತು, ಅಷ್ಟೆ. ಮಿಷನ್ ಹನ್ನೊಂದು ಅಂದಿತ್ತಲ್ಲ, ಆಗಿದೆ ಅಂದ್ಬಿಟ್ಟೆ. ನಿಜ ಹೇಳಿ, ಇಷ್ಟು ವರ್ಷ ನಿಮ್ಗೆ ಏನಾದ್ರೂ ಗೊತ್ತಾಗ್ತಿತ್ತಾ?"

ನಾನು ಮರಗಟ್ಟಿದ ಬಾಯನ್ನು ಬೆರಳಿನಿಂದ ತೋರಿಸಿದೆ.

ಇಂಜೆಕ್ಷನ್ ಇಳಿದು ವಾರವಾಯಿತು. ಮನೆಯಲ್ಲಿ ಆ ಪ್ರಶ್ನೆ ಬಂದರೆ ಇನ್ನೂ ಬಾಯನ್ನೇ ತೋರಿಸುತ್ತಿದ್ದೇನೆ.